ಏನಿದು ಚಿತ್ರ ಅಂತ ಕೇಳುವವರ ಮುಂದೆ: ಒಂದು ತೈಲಚಿತ್ರದ ಜೊತೆ ಓಡಾಡಿದ ಅನುಭವ

ನನ್ನ ತೈಲಚಿತ್ರವೊಂದು ಬೆಂಗಳೂರಿನ ಒಂದು ಗುಂಪು ಪ್ರದರ್ಶನದಲ್ಲಿ ಗೋಡೆ ಸೇರಿ, ಮಾರಾಟವಾಗಿ, ಹೋದ ವಾರ ಅದರ ದುಡ್ಡೂ ಕೈಗೆ ಬಂತು. ಶುರುವಾದದ್ದು ಹಿಂದಿನ ಬೇಸಿಗೆಯಲ್ಲಿ. ಬಣ್ಣ ಹೇಗೆ ಕಲಸಬೇಕು, ಕ್ಯಾನ್ವಾಸ್ ಹೇಗೆ ಬಿಗಿಯಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಎಲ್ಲವನ್ನೂ ಬಿಡಿಸಿ ಹೇಳದ ಚಿತ್ರವೊಂದನ್ನು ಬರೆದರೆ ಮುಂದೆ ಏನೇನು ಎದುರಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅರ್ಜಿಯಲ್ಲಿ ‘ಚಿತ್ರದ ಆಶಯ’ ಅನ್ನುವ ಜಾಗದಲ್ಲಿ ಏನು ತುಂಬಬೇಕು? ಹೆಸರು ಏನಿಡಬೇಕು? ಗೋಡೆ ಪಕ್ಕ ನಿಂತಾಗ ‘ಏನಿದು?’ ಅಂದವರಿಗೆ ಏನು ಉತ್ತರ ಕೊಡಬೇಕು? ಇದೇ ದಾರಿಯಲ್ಲಿ ಹೊರಟವರಿಗೆ ಅನುಕೂಲವಾಗಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಾನು ಸಾಗರ ತಾಲ್ಲೂಕಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಅಮ್ಮನ ತವರು ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಅಲ್ಲಿದ್ದವರನ್ನು ಲಾರಿಯಲ್ಲಿ ತುಂಬಿಸಿ ಬೇರೆ ಕಡೆ ಕಾಡಂಚಿಗೆ ಇಳಿಸಿದರು. ನಮ್ಮ ಕಡೆ ಇದನ್ನು ಮುಳುಗಡೆ ಅಂತಲೇ ಹೇಳುತ್ತೇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಮರದ ಬೊಡ್ಡೆಗಳು, ಮನೆಯ ತಳಪಾಯದ ಕಲ್ಲುಗಳು ಮೇಲೆ ಬರುತ್ತವೆ. ತೀರಾ ಕಡಿಮೆಯಾದ ವರ್ಷ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೇ ಕಾಣಿಸುತ್ತದೆ.

ಏಪ್ರಿಲ್ ಕೊನೆಯ ಒಂದು ಸಂಜೆ ಹಿನ್ನೀರಿನ ಕಡೆ ಹೋಗಿದ್ದೆ. ದೂರದಲ್ಲಿ, ಕೆಸರು ಮುಗಿದು ನೀರು ಶುರುವಾಗುವ ಗೆರೆಯಲ್ಲಿ ಒಬ್ಬ ಹೆಂಗಸು ಬಗ್ಗಿದ್ದಳು. ಏನೋ ಆರಿಸುತ್ತಿದ್ದಳೋ, ಕೈ ತೊಳೆಯುತ್ತಿದ್ದಳೋ, ಹುಡುಕುತ್ತಿದ್ದಳೋ, ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಕತ್ತಲಾಗುವವರೆಗೆ ನೋಡಿದೆ. ಹತ್ತಿರ ಹೋಗಿ ಕೇಳಬೇಕು ಅಂತ ಅನ್ನಿಸಲಿಲ್ಲ. ಆ ಗೊತ್ತಾಗದಿರುವುದನ್ನೇ ಬಣ್ಣದಲ್ಲಿ ಹಿಡಿಯಬೇಕು ಅನ್ನಿಸಿತು.

ಎಣ್ಣೆ ಬಣ್ಣವೇ ಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅಕ್ರಿಲಿಕ್ ನೋಡನೋಡುತ್ತ ಒಣಗಿಬಿಡುತ್ತದೆ. ಎಣ್ಣೆ ಬಣ್ಣ ಮರುದಿನವೂ ಹಸಿಯಾಗಿರುತ್ತದೆ. ಬಟ್ಟೆಯಲ್ಲಿ ಒರೆಸಬಹುದು, ಪ್ಯಾಲೆಟ್ ನೈಫಿನಲ್ಲಿ (ಬಣ್ಣ ಕಲಸುವ ತೆಳು ಚೂರಿ) ಕೆರೆಯಬಹುದು, ಗೆರೆಯೊಂದನ್ನು ಮಬ್ಬು ಮಾಡಿ ಮತ್ತೆ ತರಬಹುದು. ಹೇಳುವುದು ಎಷ್ಟು, ಬಿಡುವುದು ಎಷ್ಟು ಅಂತ ನಿಧಾನಕ್ಕೆ ನಿರ್ಧರಿಸುವ ಕೆಲಸಕ್ಕೆ ಇದು ಸರಿ. ಅಗಲ 4 ಅಡಿ, ಎತ್ತರ 3 ಅಡಿಯ ಕ್ಯಾನ್ವಾಸ್. ಮರದ ಚೌಕಟ್ಟು, ಬಟ್ಟೆ, ಬಣ್ಣ, ನಾರಗಸೆ ಎಣ್ಣೆ (ಲಿನ್ಸೀಡ್ ಆಯಿಲ್), ಟರ್ಪಂಟೈನ್ ಎಲ್ಲ ಸೇರಿ 8,000 ರೂಪಾಯಿ ಹತ್ತಿರ ಆಯಿತು. ಟೈಟಾನಿಯಂ ವೈಟ್ ಮಾತ್ರ ದೊಡ್ಡ ಟ್ಯೂಬೇ ತೆಗೆದುಕೊಳ್ಳಿ. ಬೇರೆ ಬಣ್ಣಗಳಿಗಿಂತ ಅದೇ ಮೊದಲು ಖಾಲಿಯಾಗುವುದು.

ಮೊದಲ ಪದರ ಬರ್ನ್ಟ್ ಅಂಬರ್, ಅಂದರೆ ಗಾಢ ಕಂದು ಬಣ್ಣ. ಟರ್ಪಂಟೈನ್ ಹಾಕಿ ತೆಳ್ಳಗೆ ಮಾಡಿ ಬಳಿದೆ. ಹೊಸಬರಿಗೆ ಒಂದು ಮಾತು: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ ಇರಲಿ, ಮೇಲಕ್ಕೆ ಹೋದ ಹಾಗೆ ಜಾಸ್ತಿಯಾಗಲಿ. ಇದನ್ನು ತಿರುಗಾಮುರುಗಾ ಮಾಡಿದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಒಣಗುವಾಗ ಬಣ್ಣ ಬಿರುಕು ಬಿಡುತ್ತದೆ.

ಹೆಂಗಸಿನ ಆಕಾರ ಒಂದು ಮಟ್ಟಕ್ಕೆ ಬಂದಾಗ, ನನಗೆ ಚಿತ್ರಕಲೆ ಕಲಿಸಿದ ಮೇಷ್ಟ್ರಿಗೆ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. ‘ಅವಳ ಭಾರ ಯಾವ ಕಾಲಿನ ಮೇಲಿದೆಯಮ್ಮ?’ ಅಂತ ಕೇಳಿದರು. ನಾನು ಸುಮ್ಮನಿದ್ದೆ. ‘ಅದು ನಿನಗೆ ಗೊತ್ತಿರಬೇಕು. ನೋಡುವವರಿಗೆ ಏನು ಹೇಳಬಾರದು ಅನ್ನೋದನ್ನ ಆಮೇಲೆ ಯೋಚನೆ ಮಾಡು’ ಅಂದರು.

ಇಡೀ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ಇದೇ. ಮನೆಗೆ ಬಂದು ತಂಗಿಯನ್ನು ಅಂಗಳದಲ್ಲಿ ಬಗ್ಗಿ ನಿಲ್ಲಿಸಿದೆ. ಪಾಪ, ಬೆನ್ನು ನೋಯುವವರೆಗೂ ನಿಂತಳು. ಎಡಗಾಲಿನ ಮೇಲೆ ಭಾರ ಬಿದ್ದಾಗ ಬಲಗಡೆ ಸೊಂಟ ಹೇಗೆ ಇಳಿಯುತ್ತದೆ, ಕತ್ತು ಎಷ್ಟು ಬಾಗುತ್ತದೆ, ಸೀರೆಯ ನೆರಿಗೆ ಎಲ್ಲಿ ಬಿಗಿಯಾಗುತ್ತದೆ ಅಂತ ಪೆನ್ಸಿಲಿನಲ್ಲಿ ಬರೆದುಕೊಂಡೆ. ಇವನ್ನೆಲ್ಲ ಚಿತ್ರದಲ್ಲಿ ಗಟ್ಟಿ ಮಾಡಿದೆ. ಬೆನ್ನಿನ ಇಳಿಜಾರು, ಬೆಳಕು ಬರುವ ದಿಕ್ಕು, ನೀರಿನ ಗೆರೆ ಇವುಗಳಲ್ಲಿ ಅನುಮಾನಕ್ಕೆ ಜಾಗ ಇಡಲಿಲ್ಲ. ತೆರೆದು ಬಿಟ್ಟದ್ದು ಮೂರನ್ನು: ಮುಖ, ಕೈ, ಮತ್ತು ಅವಳ ಮುಂದೆ ನೆಲದಲ್ಲಿರುವ ಒಂದು ಕಪ್ಪು ತುಂಡು.

ಹೀಗೆ ಬಿಡುವುದಕ್ಕೂ ಕೈಚಳಕ ಬೇಕು. ಸೀರೆಯ ಬಣ್ಣ ಬೇರೆ, ಕೆಸರಿನ ಬಣ್ಣ ಬೇರೆ. ಆದರೆ ಎರಡರ ಗಾಢತೆ ಒಂದೇ ಆದರೆ, ಕಣ್ಣು ಕಿರಿದು ಮಾಡಿ ನೋಡಿದಾಗ ನಡುವಿನ ಅಂಚು ಮಾಯವಾಗುತ್ತದೆ. ಮೊಣಕಾಲಿನ ಕೆಳಗೆ ಹಾಗೇ ಮಾಡಿದೆ. ಹೆಂಗಸು ಎಲ್ಲಿ ಮುಗಿದಳು, ನೆಲ ಎಲ್ಲಿ ಶುರುವಾಯಿತು ಅಂತ ಹೇಳಲಾಗದು. ಕೈಯ ಜಾಗದಲ್ಲಿ ನೈಫಿನಿಂದ ದಪ್ಪ ಬಣ್ಣ ಹಾಕಿ ಒಂದೇ ಸಲ ಎಳೆದೆ. ಅದು ಬೆರಳೂ ಆಗಬಹುದು, ಕೆಸರೂ ಆಗಬಹುದು, ಹಿಡಿದ ವಸ್ತುವೂ ಆಗಬಹುದು. ಹಾಗೆ ಬರುವವರೆಗೆ ಕೆರೆದು ಕೆರೆದು ಹಾಕಿದ್ದೇನೆ.

ಆ ದಿನಗಳಲ್ಲಿ ಗೋಯನ ‘ನಾಯಿ’ ಚಿತ್ರದ ಒಂದು ಪ್ರಿಂಟನ್ನು ಗೋಡೆಗೆ ಅಂಟಿಸಿಕೊಂಡಿದ್ದೆ. ಸ್ಪೇನಿನ ಕಲಾವಿದ ಫ್ರಾನ್ಸಿಸ್ಕೊ ಗೋಯ ಸುಮಾರು 1819ರಿಂದ 1823ರ ನಡುವೆ ಮ್ಯಾಡ್ರಿಡ್ ಪಕ್ಕದ ತನ್ನ ಮನೆಯ ಗೋಡೆಗಳ ಮೇಲೆಯೇ ಎಣ್ಣೆ ಬಣ್ಣದಲ್ಲಿ 14 ಚಿತ್ರ ಬರೆದ. ಅದರಲ್ಲಿ ಇದೂ ಒಂದು. ಕೆಳಗೆ ಒಂದು ಕಂದು ಇಳಿಜಾರು, ಅದರ ಮೇಲೆ ನಾಯಿಯ ತಲೆ ಮಾತ್ರ, ಉಳಿದದ್ದೆಲ್ಲ ಖಾಲಿ ಹಳದಿ. ನಾಯಿ ಮರಳಲ್ಲಿ ಹೂತುಹೋಗುತ್ತಿದೆಯೋ, ದಿಬ್ಬದ ಹಿಂದಿನಿಂದ ಇಣುಕುತ್ತಿದೆಯೋ, ಯಾರಿಗಾದರೂ ಕಾಯುತ್ತಿದೆಯೋ, ಜನ ಇವತ್ತಿಗೂ ಒಂದು ಮಾತಿಗೆ ಬಂದಿಲ್ಲ. ಗೋಯ ಅದಕ್ಕೆ ಹೆಸರಿಟ್ಟಿರಲಿಲ್ಲ. ಅವನು ಸತ್ತು ಎಷ್ಟೋ ವರ್ಷದ ಮೇಲೆ, 1874ರ ಸುಮಾರಿಗೆ, ಆ ಚಿತ್ರಗಳನ್ನು ಗೋಡೆಯಿಂದ ಬಿಡಿಸಿ ಕ್ಯಾನ್ವಾಸಿಗೆ ದಾಟಿಸಿದರು. ಆಗ ಬಣ್ಣಕ್ಕೆ ಪೆಟ್ಟೂ ಬಿತ್ತು. ಈಗ ಪ್ರಾಡೊ ಮ್ಯೂಸಿಯಂನಲ್ಲಿವೆ. ನಾನು ಅದರಲ್ಲಿ ನೋಡುತ್ತಿದ್ದದ್ದು ಒಂದನ್ನೇ. ನಾಯಿಯ ಮೂತಿ ಯಾವ ಕಡೆಗಿದೆ ಅನ್ನುವುದು ಖಚಿತವಾಗಿದೆ. ಅಷ್ಟು ಖಚಿತ ಇರುವುದರಿಂದಲೇ ಆ ಖಾಲಿ ಜಾಗ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಜೂನ್ ಹೊತ್ತಿಗೆ ಬೇರೊಂದು ತೊಂದರೆ ಎದ್ದಿತು. ನೀರಿನ ಭಾಗದಲ್ಲಿ ಎರಡು ಬೊಡ್ಡೆಗಳನ್ನು ಅಕ್ಕಪಕ್ಕ ಹಾಕಿದ್ದೆ. ಅಕ್ಕನ ಮಗ ಬಂದವನೇ ‘ಚಿಕ್ಕಮ್ಮಾ, ನೀರೊಳಗೆ ದೆವ್ವ ಇದೆ’ ಅಂದ. ಆಮೇಲೆ ಮನೆಯವರಿಗೆಲ್ಲ ಕಣ್ಣುಗಳೇ ಕಾಣತೊಡಗಿದವು. ಮನುಷ್ಯರ ನೋಟವೇ ಹಾಗೆ. ಎರಡು ಚುಕ್ಕೆ ಪಕ್ಕಪಕ್ಕ ಸಿಕ್ಕಿದರೆ ಮುಖ ಕಟ್ಟಿಕೊಂಡುಬಿಡುತ್ತದೆ. ಒಮ್ಮೆ ಮುಖ ಕಂಡರೆ ಬೇರೆ ಏನೂ ಕಾಣುವುದಿಲ್ಲ. ಹತ್ತು ಬಗೆಯಲ್ಲಿ ನೋಡಬಹುದಾದ ಚಿತ್ರ ಅಲ್ಲಿಗೇ ನಿಂತುಹೋಗುತ್ತದೆ. ಒಂದು ಬೊಡ್ಡೆಯನ್ನು ಕೆರೆದು ತೆಗೆದು ಮೇಲಕ್ಕೆ ಸರಿಸಿದೆ. ನೀವೂ ಚಿತ್ರವನ್ನು ತಲೆಕೆಳಗೆ ಮಾಡಿ ನೋಡಿ. ಕನ್ನಡಿಯಲ್ಲಿ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಚಿಕ್ಕದು ಮಾಡಿ ನೋಡಿ. ನಿಮಗೆ ಗೊತ್ತಿಲ್ಲದೆ ನುಸುಳಿದ ಮುಖಗಳು, ಪ್ರಾಣಿಗಳು ಆಗ ಸಿಕ್ಕಿಬೀಳುತ್ತವೆ. ಮಕ್ಕಳಿಗೆ ತೋರಿಸುವುದು ಇನ್ನೂ ಒಳ್ಳೆಯದು.

ಮಳೆ ಹಿಡಿದ ಮೇಲೆ ಕಾಯುವ ಕೆಲಸ. ಎಣ್ಣೆ ಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಎಣ್ಣೆ ಗಟ್ಟಿಯಾಗಬೇಕು. ನಮ್ಮ ಮಲೆನಾಡಿನ ಜುಲೈ ತಿಂಗಳಲ್ಲಿ ಅದು ಬಹಳ ನಿಧಾನ. ಅಂಬರ್ ಹಾಕಿದ ಭಾಗ ಬೇಗ ಒಣಗಿತು, ಅದರಲ್ಲಿರುವ ಮ್ಯಾಂಗನೀಸ್ ಒಣಗಲು ನೆರವಾಗುತ್ತದೆ. ಬಿಳಿ ಮತ್ತು ಐವರಿ ಬ್ಲ್ಯಾಕ್ ದಪ್ಪಗಿದ್ದ ಕಡೆ ವಾರಗಟ್ಟಲೆ ಬೆರಳಿಗೆ ಅಂಟುತ್ತಿತ್ತು. ಕ್ಯಾನ್ವಾಸಿನ ಹಿಂಬದಿಗೆ ಬೂಸ್ಟು ಬಂತು. ಒಣ ಬಟ್ಟೆಯಲ್ಲಿ ಒರೆಸಿ, ಗೋಡೆಯಿಂದ ದೂರ ಇಟ್ಟು ಫ್ಯಾನ್ ಹಾಕಿದೆ. ಕತ್ತಲೆ ಕೋಣೆಯಲ್ಲಿ ಮುಚ್ಚಿಡಬೇಡಿ, ನಾರಗಸೆ ಎಣ್ಣೆ ಹಳದಿಯಾಗುತ್ತದೆ. ಕಿಟಕಿಯ ಬೆಳಕು ಬೀಳುವ ಕಡೆ ಇಡಿ. ಇನ್ನೊಂದು ತುಂಬಾ ಮುಖ್ಯ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುವುದುಂಟು. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ.

ಪ್ರದರ್ಶನಕ್ಕೆ ಅರ್ಜಿ ಕರೆದಾಗ ಚಿತ್ರ ಒಣಗಿತ್ತು ಅನ್ನಬಹುದು. ಕೇಳಿದ್ದು ಇಷ್ಟು: ಆಧಾರ್, ಪ್ಯಾನ್, ರದ್ದು ಮಾಡಿದ ಚೆಕ್, ಚಿತ್ರ ನನ್ನದೇ ಅನ್ನುವ ಘೋಷಣೆ, ಒಳ್ಳೆ ರೆಸಲ್ಯೂಷನ್ನಿನ ಫೋಟೋ, ಬೆಲೆ, ಹೆಸರು, ಅಳತೆ, ಮಾಧ್ಯಮ, ವರ್ಷ, 150 ಪದಗಳ ಕಾನ್ಸೆಪ್ಟ್ ನೋಟ್, ಅಂದರೆ ಚಿತ್ರದ ಆಶಯ ಹೇಳುವ ಟಿಪ್ಪಣಿ. ಭಾಗವಹಿಸುವ ಶುಲ್ಕ 5,000 ರೂಪಾಯಿ. ಚಿತ್ರಕ್ಕೆ ಏನಾದರೂ ಆದರೆ ಕಲಾವಿದರದ್ದೇ ಹೊಣೆ ಅಂತ ಸಣ್ಣ ಅಕ್ಷರದಲ್ಲಿತ್ತು. ಫೋಟೋವನ್ನು ಫ್ಲ್ಯಾಶ್ ಇಲ್ಲದೆ, ಜಗಲಿಯ ನೆರಳಿನಲ್ಲಿ, ಮೋಡದ ದಿನ ತೆಗೆದೆ. ಬಿಸಿಲಲ್ಲಿ ತೆಗೆದರೆ ಎಣ್ಣೆಯ ಹೊಳಪು ಅರ್ಧ ಚಿತ್ರವನ್ನು ತಿಂದುಹಾಕುತ್ತದೆ.

ಕಾನ್ಸೆಪ್ಟ್ ನೋಟ್ ಬರೆಯಲು ಚಿತ್ರ ಬರೆದಷ್ಟೇ ಯೋಚನೆ ಬೇಕಾಯಿತು. ಮೊದಲು ಎಲ್ಲವನ್ನೂ ಬರೆದೆ. ಮುಳುಗಡೆ, ಒಕ್ಕಲೆದ್ದವರ ನೋವು, ಇನ್ನೂ ಹಕ್ಕುಪತ್ರ ಸಿಗದ ಕುಟುಂಬಗಳು, ಕಳೆದುಹೋದ ಮನೆಯನ್ನು ಹುಡುಕುವ ಹೆಂಗಸು. ಅದನ್ನು ಓದಿ ಚಿತ್ರ ನೋಡಿದ ಗೆಳತಿ ‘ಹೌದು, ಮನೆ ಹುಡುಕ್ತಾ ಇದ್ದಾಳೆ’ ಅಂದು ಮುಂದೆ ಹೋದಳು. ಇನ್ನೊಂದು ಸಲ ತಿರುಗಿ ನೋಡಲಿಲ್ಲ. ನೋಟ್ ಹೇಳಿದ್ದು ಸಿಕ್ಕಿತು, ಅಲ್ಲಿಗೆ ಮುಗಿಯಿತು.

ಹಾಗಂತ ಎಲ್ಲ ತೆಗೆದುಹಾಕೋಣ ಅಂದರೆ ಸೋದರಮಾವ ಒಪ್ಪಲಿಲ್ಲ. ಅವರು ಆ ಊರಲ್ಲೇ ಹುಟ್ಟಿದವರು. ‘ಜಮೀನು ಕಳ್ಕೊಂಡಿದ್ದು ನಿಜ. ಲಾರೀಲಿ ತಂದು ಸುರಿದಿದ್ದು ನಿಜ. ಅದನ್ನ ಯಾಕೆ ಮುಚ್ಚಿಡ್ತೀಯ? ಯಾವುದೋ ಕೆಸರು, ಯಾವುದೋ ಹೆಂಗಸು ಅಂತ ಜನ ಅಂದ್ಕೊಂಡ್ರೆ ಸರಿ ಹೋಗ್ತದಾ?’ ಅಂತ ಕೇಳಿದರು. ಮಾವ ಕೇಳಿದ್ದರಲ್ಲಿ ನ್ಯಾಯವಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ನನಗೆ ಸ್ಪಷ್ಟವಾದದ್ದು ಇದು. ಜಾಗದ ಹೆಸರು, ಅಣೆಕಟ್ಟು, ವರ್ಷ, ಜನ ಒಕ್ಕಲೆದ್ದದ್ದು, ಇವು ನೋಡುವವರ ಕಲ್ಪನೆಗೆ ಬಿಡುವ ವಿಷಯಗಳಲ್ಲ. ನಡೆದದ್ದನ್ನು ನಡೆದದ್ದು ಅಂತಲೇ ಹೇಳಬೇಕು. ಆದರೆ ಆ ಹೆಂಗಸಿನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುವ ಅಧಿಕಾರ ನನಗಿಲ್ಲ. ಅವಳನ್ನು ನಾನು ಕೇಳಿಯೇ ಇಲ್ಲವಲ್ಲ.

ನೋಟ್ ಹೀಗಾಯಿತು: ‘ಶರಾವತಿ ಹಿನ್ನೀರು, ಸಾಗರ ತಾಲ್ಲೂಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಇಲ್ಲಿನ ಊರುಗಳು ಮುಳುಗಿ ಜನ ಒಕ್ಕಲೆದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಆ ನೆಲ ಮತ್ತೆ ಕಾಣುತ್ತದೆ. ಅಲ್ಲಿ ಬಗ್ಗಿದ್ದ ಒಬ್ಬ ಹೆಂಗಸನ್ನು ಒಂದು ಸಂಜೆ ದೂರದಿಂದ ನೋಡಿದೆ.’ ಮಾವ ಓದಿ ತಲೆಯಾಡಿಸಿದರು. ಆಯೋಜಕರು ಫೋನ್ ಮಾಡಿ ‘ತೀರಾ ಚಿಕ್ಕದಾಯ್ತು ಮೇಡಂ, ಸ್ವಲ್ಪ ಭಾವನೆ ಸೇರಿಸಿ’ ಅಂದರು. ಭಾವನೆಯ ಬದಲು ಕೆಲಸ ಮಾಡಿದ ಬಗೆಯನ್ನು ಸೇರಿಸಿದೆ: ಯಾವ ಬಣ್ಣ, ನೈಫ್ ಯಾಕೆ, ಸೀರೆಯ ಅಂಚು ಯಾಕೆ ಕರಗಿದೆ. ಒಪ್ಪಿಕೊಂಡರು. ಪದ ತುಂಬಿಸಬೇಕಾಗಿ ಬಂದರೆ ಇದೊಂದು ದಾರಿ. ಅರ್ಥ ಹೇಳದೆಯೂ ಓದುವವರಿಗೆ ನಿಜವಾಗಿ ಏನಾದರೂ ಕೊಟ್ಟ ಹಾಗಾಗುತ್ತದೆ. ಹೆಸರು ‘ನೀರು ಇಳಿದಾಗ’ ಅಂತ ಕೊಟ್ಟೆ.

ಆಯ್ಕೆಯಾದ ಸುದ್ದಿ ಬರಲು ತುಂಬಾ ಕಾಯಬೇಕಾಯಿತು. ಬಂದ ಮೇಲೆ ಕೈಯಲ್ಲಿ ಉಳಿದ ಸಮಯ ಕಡಿಮೆ. ಚೌಕಟ್ಟಿಗೆ 4,500 ರೂಪಾಯಿ. ದಪ್ಪ ಬಣ್ಣ ಮೇಲೆ ಒಣಗಿದರೂ ಒಳಗೆ ಮೆತ್ತಗೇ ಇರುತ್ತದೆ, ಹಾಗಾಗಿ ಬಬಲ್ ಶೀಟನ್ನು ನೇರವಾಗಿ ಬಣ್ಣಕ್ಕೆ ತಾಗಿಸಬೇಡಿ. ಗುಳ್ಳೆಗಳ ಅಚ್ಚು ಬಿದ್ದುಬಿಡುತ್ತದೆ. ಊರಿನ ಬಡಗಿಯ ಹತ್ತಿರ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿದೆ. ಚಿತ್ರದ ಮುಖ ಯಾವುದಕ್ಕೂ ತಾಗದ ಹಾಗೆ ನಾಲ್ಕು ಮೂಲೆಗೆ ಮರದ ತುಂಡು ಹಾಕಿದ. 2,000 ಆಯಿತು. ತಾಳಗುಪ್ಪ ರೈಲಿನಲ್ಲಿ ಜನರ ಮಧ್ಯೆ ಇಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ಹೋಗಲು ಧೈರ್ಯ ಬರಲಿಲ್ಲ. ಬಸ್ಸಿನ ಡಿಕ್ಕಿಯಲ್ಲಿ ಮಲಗಿಸಿ ಒಯ್ಯುವುದು ಇನ್ನೂ ಕಷ್ಟ. ಪರಿಚಯದವರ ಗೂಡ್ಸ್ ಗಾಡಿಯೊಂದು ಬೆಂಗಳೂರಿಗೆ ಹೊರಟಿತ್ತು. ಅದರಲ್ಲಿ ನಾನೂ ಕೂತು ಹೋದೆ.

ಉದ್ಘಾಟನೆಯ ದಿನ ಹೋಗಿ ನೋಡಿದರೆ ಚಿತ್ರದ ಪಕ್ಕದ ಚೀಟಿಯಲ್ಲಿ ‘ತಾಯಿ’ ಅಂತ ಅಚ್ಚಾಗಿತ್ತು. ಎದೆ ಧಸಕ್ಕೆಂದಿತು. ಕೇಳಿದೆ. ‘ನಿಮ್ಮ ಹೆಸರು ಸ್ವಲ್ಪ ಉದ್ದ ಆಯ್ತು, ಜನರಿಗೆ ಬೇಗ ಮುಟ್ಟಲಿ ಅಂತ ಹೀಗೆ ಮಾಡಿದ್ವಿ’ ಅಂದರು. ಕ್ಯಾಟಲಾಗಿನಲ್ಲೂ ಅದೇ. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಆ ದಿನವಿಡೀ ಬಂದವರಿಗೆಲ್ಲ ತಾಯಿಯೇ ಕಂಡಳು. ಮಗುವಿಗಾಗಿ ದುಡಿಯುವ ತಾಯಿ, ಮಗುವನ್ನು ಕಳೆದುಕೊಂಡ ತಾಯಿ. ಮುಂದಿನ ಕಪ್ಪು ತುಂಡನ್ನು ಎಷ್ಟೋ ಜನ ಮಲಗಿದ ಮಗು ಅಂದರು. ಚಿತ್ರದಲ್ಲಿ ಎಲ್ಲೂ ಮಗು ಇಲ್ಲ. ಚೀಟಿಯ ಎರಡು ಅಕ್ಷರ ಅದನ್ನು ತಂದು ಮಲಗಿಸಿತ್ತು. ನನಗೆ ಅಮೆರಿಕದ ಕಲಾವಿದ ವಿಸ್ಲರ್ ನೆನಪಾದ. ಅವನು 1871ರಲ್ಲಿ ತನ್ನ ಅಮ್ಮನನ್ನು ಕೂರಿಸಿ ಬರೆದ ಚಿತ್ರಕ್ಕೆ ಬೂದು ಮತ್ತು ಕಪ್ಪಿನ ಜೋಡಣೆ ಅನ್ನುವ ಅರ್ಥದ ಹೆಸರಿಟ್ಟ. ಅಮ್ಮನ ಚಿತ್ರ ಅಂತ ಅದು ತನಗೆ ಮುಖ್ಯ, ಆದರೆ ಅವಳು ಯಾರು ಅನ್ನುವುದು ಜನರಿಗೆ ಯಾಕೆ ಅನ್ನುವುದು ಅವನ ವಾದ. ಜನ ಕೇಳಲಿಲ್ಲ. ಇವತ್ತಿಗೂ ಎಲ್ಲರ ಬಾಯಲ್ಲಿ ಅದು ‘ವಿಸ್ಲರನ ತಾಯಿ’.

ಚೀಟಿ ಬದಲಿಸಿ ಅಂತ ಪಟ್ಟು ಹಿಡಿದೆ. ಆಗಲ್ಲ ಅಂದರು. ಅರ್ಜಿಯ ನಕಲು ತೋರಿಸಿದೆ. ಮರುದಿನ ಮಧ್ಯಾಹ್ನ ಚೀಟಿ ಬದಲಾಯಿತು, ಕ್ಯಾಟಲಾಗ್ ಹಾಗೇ ಉಳಿಯಿತು. ದಯವಿಟ್ಟು ನೀವು ಅರ್ಜಿಯ ನಕಲು, ಕಳಿಸಿದ ಇಮೇಲ್ ಎಲ್ಲ ಇಟ್ಟುಕೊಳ್ಳಿ. ಅಚ್ಚಿಗೆ ಹೋಗುವ ಮುಂಚೆ ನಿಮ್ಮ ಪುಟ ನಿಮಗೆ ತೋರಿಸಬೇಕು ಅಂತ ಬರಹದಲ್ಲೇ ಕೇಳಿ.

ಹೆಸರು ಬದಲಾದ ಮೇಲೆ ಅದೇ ಚಿತ್ರದ ಮುಂದೆ ಮಾತು ಬದಲಾಯಿತು. ಹಾಸನದ ಕಡೆಯ ಒಬ್ಬರು ನಾಟಿ ಮಾಡುವವಳು ಅಂದರು. ಒಬ್ಬ ಹುಡುಗಿ ‘ಫೋನ್ ಬೀಳಿಸಿಕೊಂಡಿದ್ದಾಳೆ’ ಅಂದಳು, ನಕ್ಕು ಹೇಳಿದರೂ ಆಮೇಲೆ ತುಂಬಾ ಹೊತ್ತು ನಿಂತಳು. ಜಲಾಶಯದ ಕೆಲಸದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರಿಗೆ ಹೆಂಗಸು ಕಾಣಲೇ ಇಲ್ಲ. ಅದೊಂದು ದೊಡ್ಡ ಬೊಡ್ಡೆ ಅಂತಲೇ ಅವರ ನಂಬಿಕೆ. ಅವರ ಕಣ್ಣು ನೀರಿನ ಗೆರೆಯ ಮೇಲಿತ್ತು. ‘1819 ಅಡಿ ತುಂಬಿದರೆ ಈ ಜಾಗ ಎಷ್ಟು ಆಳದಲ್ಲಿರುತ್ತೆ ಗೊತ್ತೇನಮ್ಮ?’ ಅಂತ ಹೆಮ್ಮೆಯಿಂದ ಹೇಳಿದರು. 1819 ಅಡಿ ಅಂದರೆ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಜಲಾಶಯದ ಪೂರ್ತಿ ಮಟ್ಟ. ನನ್ನ ಅಮ್ಮನ ಊರು ಅಲ್ಲಿದೆ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಊರಿನ ಹೆಸರು ಕೇಳಿದರು.

ಅಲ್ಲಿಯ ಸೆಕ್ಯುರಿಟಿ ಅಣ್ಣ ಕೊಪ್ಪಳ ಜಿಲ್ಲೆಯವರು. ದಿನವಿಡೀ ಚಿತ್ರದ ಎದುರೇ ಕುರ್ಚಿ. ಅವರ ಪ್ರಕಾರ ಅವಳು ಒಣಗಿದ ಹಳ್ಳದಲ್ಲಿ ಒರತೆ ತೋಡುತ್ತಿದ್ದಾಳೆ. ‘ನಮ್ಮವ್ವ ಹಿಂಗ ಬಗ್ಗಿ ತೋಡ್ತಿದ್ಲರಿ. ಆ ಕರಿ ತುಂಡು ಕೊಡ’ ಅಂದರು. ನಾನು ಬರೆದದ್ದು ನೀರಿನಿಂದ ಎಲ್ಲವನ್ನೂ ಕಳೆದುಕೊಂಡ ನೆಲ. ಅವರಿಗೆ ಕಂಡದ್ದು ನೀರಿಗಾಗಿ ತೋಡುವ ಕೈ. ಚಿತ್ರ ಎರಡಕ್ಕೂ ಒಪ್ಪುತ್ತಿತ್ತು. ಅವತ್ತಿನಿಂದ ನನಗೂ ಆ ಕಪ್ಪು ತುಂಡಿನಲ್ಲಿ ಕೊಡದ ಕಂಠ ಕಾಣುತ್ತದೆ.

ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್‌ನ ‘ಚೀತ್ಕಾರ’ (ದಿ ಸ್ಕ್ರೀಮ್) ನಿಮಗೆ ಗೊತ್ತಿರುತ್ತದೆ, ಅಲ್ವಾ? 1893ರದ್ದು. ಆ ಮನುಷ್ಯ ಚೀರುತ್ತಿದ್ದಾನೆ ಅಂತಲೇ ಹೆಚ್ಚಿನವರು ನೋಡುತ್ತಾರೆ. ಮುಂಕ್ ಬರೆದಿಟ್ಟಿರುವುದು ಬೇರೆ. ಸಂಜೆ ಸ್ನೇಹಿತರ ಜೊತೆ ನಡೆಯುವಾಗ ಆಕಾಶ ರಕ್ತದ ಬಣ್ಣಕ್ಕೆ ತಿರುಗಿ, ಪ್ರಕೃತಿಯೊಳಗಿಂದ ಒಂದು ಚೀತ್ಕಾರ ಹಾದುಹೋದ ಹಾಗೆ ಅನ್ನಿಸಿತಂತೆ. ಅಂದರೆ ಅಲ್ಲಿರುವವನು ಕಿವಿ ಮುಚ್ಚಿಕೊಂಡಿರಬಹುದು. ಆದರೆ ಬಾಯಿಯೂ ತೆರೆದೇ ಇದೆ. ಆ ಎರಡು ಕೈ, ತೆರೆದ ಬಾಯಿ, ಎರಡನ್ನೂ ಮುಂಕನೇ ಅಲ್ಲಿಟ್ಟಿದ್ದಾನೆ.

ಹಾಗಂತ ಯಾರು ಏನು ಹೇಳಿದರೂ ಸರಿ ಅಂತ ನಾನು ಒಪ್ಪುವುದಿಲ್ಲ. ಒಬ್ಬರು ಇವಳು ಕುಡಿದು ಬೀಳುತ್ತಿದ್ದಾಳೆ ಅಂದರು. ಎಡಗಾಲು ಗಟ್ಟಿಯಾಗಿ ನೆಲ ಹಿಡಿದಿದೆ, ಬೀಳುವ ಮೈ ಹೀಗಿರುವುದಿಲ್ಲ. ಅವರಿಗೆ ಕಾಲನ್ನು ತೋರಿಸಿದೆ. ಮೇಷ್ಟ್ರು ಮೊದಲೇ ಆ ಪ್ರಶ್ನೆ ಕೇಳಿರದಿದ್ದರೆ ತೋರಿಸಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

‘ಏನಿದು?’ ಅಂದವರಿಗೆ ‘ನಿಮಗೆ ಮೊದಲು ಏನು ಕಾಣಿಸಿತು?’ ಅಂತ ಕೇಳುವುದು ಬಹಳ ಸಲ ಕೆಲಸ ಮಾಡುತ್ತದೆ. ಕೆಲವರಿಗೆ ಸಿಟ್ಟೂ ಬರುತ್ತದೆ. ಒಬ್ಬರು ‘ನಾವು ಕೇಳಿದರೆ ನಮ್ಮನ್ನೇ ಕೇಳ್ತೀರಲ್ಲ, ಅರ್ಥ ಆಗದ ಹಾಗೆ ಬರೆದು ನಮ್ಮನ್ನ ದಡ್ಡರು ಮಾಡ್ತೀರಿ’ ಅಂತ ಜೋರು ಮಾಡಿದರು. ಅಂಥವರ ಹತ್ತಿರ ಮತ್ತೆ ಪ್ರಶ್ನೆ ಕೇಳಬಾರದು. ಜಾಗ ಯಾವುದು, ಎಷ್ಟು ದೂರದಿಂದ ನೋಡಿದೆ, ತಂಗಿಯನ್ನು ಹೇಗೆ ಬಗ್ಗಿ ನಿಲ್ಲಿಸಿದೆ ಎಲ್ಲ ಹೇಳಿದೆ. ಅವರು ಬ್ಯಾಗ್ ಕೆಳಗಿಟ್ಟು ತಾವೇ ಹಾಗೆ ಬಗ್ಗಿ ನೋಡಿದರು. ‘ಹೀಗೆ ಬಗ್ಗಿದರೆ ಬೇಗ ಏಳೋಕಾಗಲ್ಲ. ಇವಳು ತುಂಬಾ ಹೊತ್ತಿನಿಂದ ಇಲ್ಲೇ ಇದ್ದಾಳೆ’ ಅಂದರು. ಅಷ್ಟು ಸರಿಯಾಗಿ ಆ ಚಿತ್ರವನ್ನು ಬೇರೆ ಯಾರೂ ಓದಲಿಲ್ಲ. ಇನ್ನೊಬ್ಬ ಹೆಂಗಸು ಏನೂ ಕೇಳದೆ ನಿಂತಿದ್ದರು. ಹೊರಡುವಾಗ ‘ಸಿಕ್ತಾ ಅವಳಿಗೆ?’ ಅಂತ ಮಾತ್ರ ಕೇಳಿದರು. ನನಗೂ ಗೊತ್ತಿಲ್ಲ ಅಂದೆ. ಕಣ್ಣು ತುಂಬಿ ಬಂತು, ಇಬ್ಬರಿಗೂ.

ಕೊನೆಯ ದಿನ ಒಬ್ಬ ದಂಪತಿ ಚಿತ್ರ ಕೊಳ್ಳಲು ಮುಂದೆ ಬಂದರು. ಒಂದು ಕೋರಿಕೆ ಇತ್ತು. ಕಪ್ಪು ತುಂಡಿನ ಜಾಗದಲ್ಲಿ ಒಂದು ಪುಟ್ಟ ಮಗು ಬರೆದುಕೊಡಬೇಕಂತೆ, ಕ್ಯಾಟಲಾಗಿನ ಹೆಸರಿಗೆ ಸರಿಹೋಗಲಿ ಅಂತ. ಆಗುವುದಿಲ್ಲ ಅಂದೆ. ದುಡ್ಡು ಬೇಕಿತ್ತು, ಆದರೂ ಹಾಗೆ ಹೇಳಲು ಕಷ್ಟವಾಗಲಿಲ್ಲ. ಹೆಸರಿನ ಕಥೆ ಹೇಳಿ ಚೀಟಿ ತೋರಿಸಿದೆ. ಅವರು ಒಂದು ಸುತ್ತು ಹೋಗಿ ಬಂದು, ಇದ್ದ ಹಾಗೇ ಕೊಡಿ ಅಂದರು. ಯಜಮಾನರ ಕಣ್ಣಿಗೆ ಅವಳು ಬಿತ್ತುತ್ತಿದ್ದಾಳೆ, ಅವರ ಹೆಂಡತಿಯ ಕಣ್ಣಿಗೆ ಏನೋ ಹುಡುಕುತ್ತಿದ್ದಾಳೆ. ಗಾಡಿ ಹತ್ತುವವರೆಗೂ ಅದೇ ವಾದ ನಡೆದಿತ್ತು.

ಕಾನೂನಿನ ವಿಷಯವೂ ಗೊತ್ತಿರಲಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ನೀವಾಗಿ ಬರೆದ ಚಿತ್ರ ಮಾರಿದ ಮಾತ್ರಕ್ಕೆ ಅದರ ಕಾಪಿರೈಟ್ ಹೋಗುವುದಿಲ್ಲ. ಬರಹದಲ್ಲಿ ಬಿಟ್ಟುಕೊಟ್ಟರೆ ಮಾತ್ರ ಹೋಗುತ್ತದೆ. ದುಡ್ಡು ಕೊಟ್ಟು ಬರೆಸಿಕೊಂಡ ಭಾವಚಿತ್ರಕ್ಕೆ ನಿಯಮ ಬೇರೆ. ಅದೇ ಕಾಯ್ದೆಯ 57ನೇ ಕಲಮು, ನಿಮ್ಮ ಹೆಸರಿಗೆ ಕುಂದು ಬರುವ ಹಾಗೆ ಕೃತಿಯನ್ನು ತಿದ್ದಿದರೆ, ಕೆಡಿಸಿದರೆ ಆಕ್ಷೇಪಿಸುವ ಹಕ್ಕು ಕೊಡುತ್ತದೆ.

ಬೆಲೆ 45,000. ಅದರಲ್ಲಿ ಮೂರನೇ ಒಂದು ಭಾಗ ಕಮಿಷನ್ ಹೋಯಿತು. ಉಳಿದ 30,000 ಕೈಗೆ ಬರಲು ತಿಂಗಳುಗಳೇ ಹಿಡಿದವು, ಫೋನ್ ಮಾಡಿ ನೆನಪಿಸುತ್ತಲೇ ಇರಬೇಕಾಯಿತು. ಬಣ್ಣ, ಚೌಕಟ್ಟು, ಪೆಟ್ಟಿಗೆ, ಶುಲ್ಕ, ಗಾಡಿ, ಬೆಂಗಳೂರಿನ ಖರ್ಚು ಕಳೆದರೆ ಉಳಿದದ್ದು ತೀರಾ ಕಡಿಮೆ. ಇದನ್ನು ಮೊದಲೇ ಲೆಕ್ಕ ಹಾಕಿಕೊಂಡು ಹೊರಡಿ.

ಚಿತ್ರದ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು: ಹೆಸರು, ಅಳತೆ, ಮಾಧ್ಯಮ, ವರ್ಷ, ನಮ್ಮ ಸಹಿ. ಕೊಂಡವರು ಅದರಲ್ಲೇ ಚಿತ್ರದ ಅರ್ಥವನ್ನೂ ಬರೆದುಕೊಡಿ ಅಂತ ಕೇಳಿದರು, ಮನೆಗೆ ಬಂದವರು ಕೇಳುತ್ತಾರಂತೆ. ಕಾನ್ಸೆಪ್ಟ್ ನೋಟಿನ ಮೊದಲ ನಾಲ್ಕು ಸಾಲನ್ನು ಹಾಗೇ ಬರೆದು ಸಹಿ ಮಾಡಿದೆ. ಕೆಳಗೆ ಇನ್ನೊಂದು ಸೂಚನೆ ಸೇರಿಸಿದ್ದೇನೆ. ದಪ್ಪ ಬಣ್ಣ ಪೂರ್ತಿ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು, ಅಲ್ಲಿಯವರೆಗೆ ವಾರ್ನಿಶ್ ಹಚ್ಚಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಬೇಸಿಗೆ ರಜೆಯಲ್ಲಿ ನಾನೇ ಹೋಗಿ ವಾರ್ನಿಶ್ ಹಚ್ಚಿಕೊಡುವ ಮಾತಾಗಿದೆ.